ಬರಿಗಾಲ ಸಂತನೂ ನಮ್ಮ ಬೇಲಿಗಳೂ

ಕನ್ನಡ ಸಂಘದ ಪತ್ರಿಕೆಯಲ್ಲಿ ಕಥೋಲಿಕ ಪಾದ್ರಿಯೊಬ್ಬರ ಚರಿತ್ರೆಗೆ ಏನು ಕೆಲಸವೆಂದು ಕೇಳುವವರು ನಮ್ಮಲ್ಲಿದ್ದಾರೆ. ಇಗರ್ಜಿಯವರು ತಮ್ಮ ಪತ್ರಿಕೆಗಳಲ್ಲಿ ಅದನ್ನು ಬರೆದುಕೊಳ್ಳಲಿ, ನಮಗೆ ಪಂಪನುಂಟು, ಕುಮಾರವ್ಯಾಸನುಂಟು, ಶರಣರೂ ದಾಸರೂ ಉಂಟು, ಅಷ್ಟು ಸಾಲದೆ ಎಂಬುದು ಅವರ ವಾದ. ಇನ್ನೊಂದು ಪಕ್ಷದವರು ಸಂತರ ಚರಿತ್ರೆ ಬೇಡವೆನ್ನುವುದಿಲ್ಲ. ಬರೆಯಿರಿ, ಆದರೆ ಪವಾಡಗಳನ್ನು ಬಿಡಬೇಡಿ. ಕಲ್ಲಿನಿಂದ ನೀರು ಬರಬೇಕು, ಬರಗಾಲದ ಬಾನಿನಿಂದ ಮಳೆ ಸುರಿಯಬೇಕು, ಇಲ್ಲವಾದರೆ ಮಕ್ಕಳು ಕಿವಿಗೊಡುವುದಿಲ್ಲ ಎನ್ನುತ್ತಾರೆ. ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಮೊದಲಿನವರು ಸಂತನನ್ನು ಬೇಲಿಯ ಆಚೆ ನಿಲ್ಲಿಸುತ್ತಾರೆ. ಎರಡನೆಯವರು ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾರೆ. ಆತನು ನಮ್ಮ ಹಾಗೆಯೇ ಹಸಿದ, ಬಿಸಿಲಲ್ಲಿ ನಡೆದ, ಪರಭಾಷೆಯನ್ನು ತೊದಲಿ ತೊದಲಿ ಕಲಿತ ಮನುಷ್ಯನೆಂಬ ಸಂಗತಿ ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ನಾನು ಹೇಳಹೊರಟಿರುವುದು ಸಂತ ಜೋಸೆಫ್ ವಾಜರ ವಿಷಯ. ಮಂಜೇಶ್ವರದ ಕಡೆಯಿಂದ ಗಡಿ ದಾಟಿದರೆ ಮುಡಿಪು ಹೆಚ್ಚು ದೂರವಿಲ್ಲ. ಅಲ್ಲಿಯ ಗುಡ್ಡದ ಮೇಲೆ ಇವರ ಹೆಸರಿನ ಪುಣ್ಯಕ್ಷೇತ್ರವಿದೆ. ನಮ್ಮ ಶಾಲೆಗಳ ಎಷ್ಟೋ ಮಕ್ಕಳು ತಂದೆತಾಯಿಗಳೊಡನೆ ಆ ಗುಡ್ಡವನ್ನು ಹತ್ತಿ ಬಂದಿದ್ದಾರೆ. ಬೇಳ, ಕಯ್ಯಾರು, ಮಂಜೇಶ್ವರಗಳ ಇಗರ್ಜಿಗಳಿಗೆ ಹೋಗುವ ಈ ಮಕ್ಕಳು ಮನೆಯಲ್ಲಿ ಕೊಂಕಣಿ, ಗದ್ದೆಯ ಬದುವಿನಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ ಆಡಿ, ನಮ್ಮ ಮುಂದೆ ಬಂದು ಕುಳಿತು ಕನ್ನಡ ಓದುತ್ತಾರೆ. ಅವರ ಸಂತನ ಕಥೆ ಕನ್ನಡದಲ್ಲಿ ಹೇಳತಕ್ಕದ್ದಲ್ಲವೆಂದು ತೀರ್ಪು ಕೊಡುವವರು, ಕನ್ನಡ ಶಾಲೆಗೆ ಮಕ್ಕಳು ಬರುತ್ತಿಲ್ಲವೆಂದು ಮುಂದಿನ ಸಭೆಯಲ್ಲಿ ಮರುಗುವುದನ್ನೂ ನಾನು ಕೇಳಿದ್ದೇನೆ.

ಮೊದಲು ಬದುಕಿನ ವಿವರ. ಜೋಸೆಫ್ ವಾಜರು ೧೬೫೧ನೆಯ ಇಸವಿ ಏಪ್ರಿಲ್ ೨೧ರಂದು ಗೋವೆಯ ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕ್ವಾಳ. ಮನೆತನ ಬ್ರಾಹ್ಮಣ ಮೂಲದ ಕೊಂಕಣಿ ಕ್ರೈಸ್ತರದು. ಪೋರ್ತುಗೀಸ್, ಲ್ಯಾಟಿನ್ ಕಲಿತು ೧೬೭೬ರಲ್ಲಿ ಪಾದ್ರಿಯಾದರು; ಸಾಂಕ್ವಾಳದಲ್ಲಿ ಹುಡುಗರಿಗಾಗಿ ಒಂದು ಲ್ಯಾಟಿನ್ ಪಾಠಶಾಲೆಯನ್ನು ತೆರೆದರು. (ನಮ್ಮ ಕಸುಬಿನವರೆಂದು ಇಲ್ಲಿ ಒಂದಿಷ್ಟು ಹೆಮ್ಮೆಪಟ್ಟುಕೊಂಡರೆ ತಪ್ಪಿಲ್ಲ.) ೧೬೮೧ರಿಂದ ೧೬೮೪ರವರೆಗೆ ಕೆನರಾ ಕರಾವಳಿಯಲ್ಲಿ ಕೆಲಸ ಮಾಡಿದರು. ೧೬೮೫ರಲ್ಲಿ ಹಳೆಯ ಗೋವೆಯಲ್ಲಿ ದೇಶೀಯ ಪಾದ್ರಿಗಳ ‘ಓರೆಟರಿ’ ಎಂಬ ಸಂಘವನ್ನು ಕಟ್ಟಿದರು. ಮರುವರ್ಷ ಸಿಂಹಳಕ್ಕೆ ಹೊರಟು, ೧೬೮೭ರಲ್ಲಿ ಅಲ್ಲಿಗೆ ಮುಟ್ಟಿ, ೨೪ ವರ್ಷ ದುಡಿದು ೧೭೧೧ ಜನವರಿ ೧೬ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಗೋವೆಯನ್ನು ಅವರು ಮತ್ತೆ ಕಾಣಲೇ ಇಲ್ಲ. ೧೯೯೫ ಜನವರಿ ೨೧ರಂದು ಎರಡನೆಯ ಜಾನ್ ಪೌಲ್ ಪೋಪರು ಕೊಲಂಬೊ ನಗರದಲ್ಲಿ ಇವರನ್ನು ಪುನೀತರೆಂದೂ, ೨೦೧೫ ಜನವರಿ ೧೪ರಂದು ಫ್ರಾನ್ಸಿಸ್ ಪೋಪರು ಅದೇ ನಗರದ ಗಾಲ್ ಫೇಸ್ ಬಯಲಿನಲ್ಲಿ ಸಂತರೆಂದೂ ಘೋಷಿಸಿದರು.

ಇಷ್ಟನ್ನು ಯಾವ ಕಿರುಹೊತ್ತಗೆಯಲ್ಲಾದರೂ ಓದಬಹುದು. ನನ್ನ ತಕರಾರು ಇರುವುದು ಚಿತ್ರದ ಬಗ್ಗೆ. ನಾನು ಕಂಡ ಪಟಗಳಲ್ಲೆಲ್ಲ ಕರಿಯ ನಿಲುವಂಗಿ, ಕೈಯಲ್ಲಿ ಶಿಲುಬೆ, ಕೊರಳಲ್ಲಿಯೋ ಸೊಂಟದಲ್ಲಿಯೋ ಜಪಸರ, ತಲೆಯ ಸುತ್ತ ಪ್ರಭಾವಳಿ. ಇವು ಕುರುಹುಗಳು. ಕುರುಹನ್ನು ನಾನು ಹಳಿಯುತ್ತಿಲ್ಲ. ಲಿಂಗ, ಜನಿವಾರ, ತುಳಸೀಮಣಿ, ವಿಭೂತಿ ಇವುಗಳ ನಡುವೆ ಬೆಳೆದ ನಾವು ಕುರುಹಿನ ಬಲವನ್ನು ಬಲ್ಲೆವು. ಆದರೆ ಆ ಜಪಸರ ಕೊರಳಿಗೆ ಏಕೆ ಬಂತೆಂದು ಪಟ ಹೇಳುವುದಿಲ್ಲ. ಹೇಳಬೇಕಾದ ಪಾಠವೂ ಹೇಳುವುದಿಲ್ಲ.

ಆ ಕಥೆ ಹೀಗಿದೆ. ಸಿಂಹಳದ ಕರಾವಳಿಯಿಂದ ಪೋರ್ತುಗೀಸರನ್ನು ಡಚ್ಚರು ೧೬೫೮ರ ಹೊತ್ತಿಗೆ ಪೂರಾ ಹೊರಗಟ್ಟಿದ್ದರು. ಡಚ್ಚರೂ ಕ್ರೈಸ್ತರೇ, ಆದರೆ ಕಾಲ್ವಿನನ ಮತದವರು. ರೋಮಿನ ಹೆಸರೆತ್ತಿದರೆ ಅವರಿಗಾಗದು. ಕಥೋಲಿಕ ಪಾದ್ರಿಗಳನ್ನು ಓಡಿಸಿದರು, ಅಂಥವರಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದು ಸಾರಿದರು. ಸುಮಾರು ಮೂವತ್ತು ವರ್ಷ ಆ ಜನಕ್ಕೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವಾಗ ಬಳಿ ಕುಳಿತುಕೊಳ್ಳುವ ಪಾದ್ರಿಯಿಲ್ಲ. ಇಂಥ ನಾಡಿಗೆ ವಾಜರು ಜೋವಾವೊ ಎಂಬ ಯುವಕ ಸೇವಕನೊಡನೆ ಕೂಲಿಯಾಳಿನ ವೇಷದಲ್ಲಿ ಹೋದರು. ತೂತುಕುಡಿಯ ಕಡೆಯಿಂದ ಕಡಲು ದಾಟಿ ಜಾಫ್ನಾ ಸೇರುವಷ್ಟರಲ್ಲಿ ಇಬ್ಬರೂ ಆಮಶಂಕೆಯಿಂದ ಬಿದ್ದುಕೊಂಡರು. ಊರಿನ ದಯಾವಂತರು ಗಂಜಿ ಕೊಟ್ಟು ಉಳಿಸಿದರೆಂದು ಚರಿತ್ರಕಾರರು ಬರೆಯುತ್ತಾರೆ. ಎದ್ದು ಓಡಾಡುವಂತಾದ ಮೇಲೆ ವಾಜರು ಭಿಕ್ಷೆಗೆ ಹೊರಟರು. ಯಾವ ಮನೆ ಕಥೋಲಿಕರದು, ಯಾವುದು ಅಲ್ಲ? ಕೇಳುವಂತಿಲ್ಲ; ಕೇಳಿದರೆ ತನಗೂ ಕೇಡು, ಕೇಳಿಸಿಕೊಂಡವರಿಗೂ ಕೇಡು. ಆಗ ಅವರು ಜಪಸರವನ್ನು ಕೊರಳಿಗೆ ಹಾಕಿಕೊಂಡು ಬಾಗಿಲಿಂದ ಬಾಗಿಲಿಗೆ ಹೋದರು. ತುತ್ತು ಅನ್ನ ನೀಡಲು ಬಂದವರ ದೃಷ್ಟಿ ಆ ಮಣಿಗಳ ಮೇಲೆ ಹೇಗೆ ನಿಲ್ಲುತ್ತದೆಂದು ನೋಡಿದರು. ಮೂವತ್ತು ವರ್ಷ ಪೆಟ್ಟಿಗೆಯ ತಳದಲ್ಲಿ ಅಂಥದೇ ಒಂದು ಸರವನ್ನು ಬಚ್ಚಿಟ್ಟುಕೊಂಡ ಮನೆಯೊಡತಿಯ ಮುಖ ಆ ಕ್ಷಣ ಬಾಯಿಬಿಟ್ಟು ಹೇಳದಿದ್ದೀತೆ?

ಉಪಾಧ್ಯಾಯ ಬಂಧುಗಳೆ, ಈ ಒಂದು ಸಂಗತಿಯನ್ನು ಐದನೆಯ ತರಗತಿಯ ಮಕ್ಕಳ ಮುಂದೆ ಹೇಳಿ ನೋಡಿರಿ. ಪವಾಡದ ಅಗತ್ಯ ಬೀಳುವುದಿಲ್ಲ. ಅಲ್ಲಿ ಭಯವಿದೆ, ಜಾಣತನವಿದೆ, ಹಸಿವಿದೆ, ಗುಟ್ಟಿದೆ. ಜಪಸರವು ಅಲ್ಲಿ ಭಕ್ತಿಯ ಒಡವೆಯಾಗಿರುವುದರ ಜೊತೆಗೆ ಒಂದು ಪ್ರಶ್ನೆಯೂ ಆಗಿದೆ. ಮಾತಿಲ್ಲದೆ ಕೇಳಿದ ಪ್ರಶ್ನೆ. ಪಟದ ಜಪಸರವನ್ನು ನೋಡಿ ಕೈಮುಗಿಯುವ ಮಗುವಿಗೆ ಇದು ತಿಳಿಯದೆ ಹೋದರೆ ಅದರ ಭಕ್ತಿಗೂ ನಷ್ಟವೇ. ಬೇರೆ ಮತದ ಮಗುವಿಗೆ ತಿಳಿಯದೆ ಹೋದರೆ, ನೆರೆಮನೆಯವರ ಕೊರಳ ಸರವು ಅದಕ್ಕೆ ಕೊನೆಯವರೆಗೂ ಪರರ ಗುರುತಾಗಿಯೇ ಉಳಿಯುತ್ತದೆ.

ಇನ್ನು ಪವಾಡಗಳು. ಮುಡಿಪಿನ ಗುಡ್ಡದಲ್ಲಿ ವಾಜರು ಮಂಡಿಯೂರಿ ಪ್ರಾರ್ಥಿಸಿದ ಕಲ್ಲಿನಿಂದ ನೀರು ಒಸರಿತೆಂಬುದು ಐತಿಹ್ಯ. ನಾನು ಇದನ್ನು ಅಲ್ಲಗಳೆಯಲು ಹೊರಟಿಲ್ಲ. ಹಾಗೆಂದು ಪಾಠದ ಹಲಗೆಯ ಮೇಲೆ ನಡೆದ ಸಂಗತಿಯೆಂದು ಬರೆಯಲೂ ಒಪ್ಪುವುದಿಲ್ಲ. ನಮ್ಮ ನಾಡಿನ ಮುರಕಲ್ಲಿನ ಗುಡ್ಡಗಳಲ್ಲಿ ನೀರು ಒಸರುವುದು ನಮ್ಮ ಮಕ್ಕಳಿಗೆ ಹೊಸತಲ್ಲ. ಗುಡ್ಡವನ್ನು ಅಡ್ಡವಾಗಿ ಕೊರೆದು ಸುರಂಗದಿಂದ ಕುಡಿಯುವ ನೀರನ್ನು ತರುವ ಜನ ನಾವು. ಆದುದರಿಂದಲೇ ಆ ಐತಿಹ್ಯಕ್ಕೆ ಇಲ್ಲಿ ಇಷ್ಟು ಆಳವಾದ ಬೇರು. ಬೇಸಗೆಯಲ್ಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದ ಹೆಂಗಸರ ನಾಡಿನಲ್ಲಿ, ಒಳ್ಳೆಯವನು ಕಾಲಿಟ್ಟಲ್ಲಿ ನೀರು ಬಂತೆಂದು ಹೇಳುವುದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನಿದೆ? ಅದನ್ನು ಹೊಗಳಿಕೆಯೆಂದು, ನಂಬಿಕೆಯೆಂದು ಗೌರವದಿಂದ ಹೇಳೋಣ. ಅಲ್ಲಿಗೆ ಬಿಡೋಣ.

ಕ್ಯಾಂಡಿಯ ಮಳೆಯ ಕಥೆ ಇದಕ್ಕಿಂತ ಹೆಸರಾದುದು. ೧೬೯೨ರಲ್ಲಿ ವಾಜರು ಡಚ್ಚರ ಸೀಮೆಯನ್ನು ಬಿಟ್ಟು ಬೆಟ್ಟನಾಡಿನ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದರು. ಪೋರ್ತುಗೀಸರ ಗೂಢಚಾರನೆಂಬ ಆಪಾದನೆಯ ಮೇಲೆ ಸೆರೆಸಿಕ್ಕಿದರು. ಆಮೇಲೆ ಬರ ಬಂತು. ಬೌದ್ಧ ಭಿಕ್ಷುಗಳ ಪ್ರಾರ್ಥನೆ ಫಲಿಸಲಿಲ್ಲ. ರಾಜನು ಸೆರೆಯಾಳು ಪಾದ್ರಿಯನ್ನು ಕೇಳಿಕೊಂಡನು. ಅವರು ಬಯಲಿನಲ್ಲಿ ಪೀಠವನ್ನಿಟ್ಟು ಶಿಲುಬೆಯ ಮುಂದೆ ಪ್ರಾರ್ಥಿಸಿದಾಗ ಮಳೆ ಸುರಿಯಿತು, ಅವರೂ ಪೀಠವೂ ಮಾತ್ರ ನೆನೆಯಲಿಲ್ಲ. ಕಥೆ ಇಷ್ಟು. ಇದನ್ನು ಹೇಳುವವರು ಸಾಮಾನ್ಯವಾಗಿ ಒಂದು ಗೆಲುವಿನ ನಗೆಯೊಡನೆ ಹೇಳುತ್ತಾರೆ: ಭಿಕ್ಷುಗಳಿಗೆ ಬಾರದ ಮಳೆ ಪಾದ್ರಿಗೆ ಬಂತು ನೋಡಿ! ಇದರಿಂದ ಮಗು ಕಲಿಯುವುದೇನು? ಒಂದು ದೇವರು ಇನ್ನೊಂದನ್ನು ಪಂದ್ಯದಲ್ಲಿ ಸೋಲಿಸಿತೆಂದೆ? ಅದೇ ಮಗುವಿಗೆ ಹಿಂದಿನ ಗಂಟೆಯಲ್ಲಿ ನಾವೇ ಕಡಲ ನೀರು ಆವಿಯಾಗಿ ಮೋಡವಾಗುವ ಬಗೆಯನ್ನು ಚಿತ್ರ ಬರೆದು ತೋರಿಸಿರುತ್ತೇವೆ. ಎರಡು ಪಾಠಗಳ ನಡುವೆ ಅದನ್ನು ಸಿಕ್ಕಿಸಿ ನಿಲ್ಲಿಸುವುದು ನ್ಯಾಯವೆ?

ಆ ಕಥೆಯ ಒಳಗೆ ಯಾರೂ ಎತ್ತಿ ತೋರಿಸದ ಸಂಗತಿಯೊಂದು ಬಿದ್ದಿದೆ. ಕ್ರೈಸ್ತರಾದ ಡಚ್ಚರು ಈ ಪಾದ್ರಿಯನ್ನು ಬೇಟೆಯಾಡುತ್ತಿದ್ದರು. ೧೬೮೯ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಪೂಜೆಗೆ ಸೇರಿದವರ ಮೇಲೆ ಸಿಪಾಯಿಗಳು ಬಿದ್ದು ನೂರಾರು ಮಂದಿಯನ್ನು ಹಿಡಿದರು. ವಾಜರು ಮಾತ್ರ ತಪ್ಪಿಸಿಕೊಂಡರು. ಅವರಿಗೆ ಕೊನೆಗೆ ನೆರಳು ಕೊಟ್ಟವನು ಬೌದ್ಧ ಮತದ ಅರಸು, ಎರಡನೆಯ ವಿಮಲಧರ್ಮಸೂರ್ಯ. ಅವನು ಮೊದಲು ಸಂಶಯಪಟ್ಟು ಸೆರೆಯಲ್ಲಿಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಪೋರ್ತುಗೀಸರಿಂದ ಆ ದ್ವೀಪ ಪಟ್ಟ ಪಾಡು ಅಷ್ಟಿಷ್ಟಲ್ಲ. ಗೋವೆಯಿಂದ ಬಂದವನನ್ನು ಕಂಡು ಅರಸು ಹುಬ್ಬುಗಂಟಿಕ್ಕಿದ್ದು ರಾಜಧರ್ಮವೇ. ಆಮೇಲೆ, ಈ ಮನುಷ್ಯನ ಬೆನ್ನ ಹಿಂದೆ ಫಿರಂಗಿಯಿಲ್ಲವೆಂದು ಕಂಡುಕೊಂಡು, ತನ್ನ ರಾಜ್ಯದಲ್ಲಿ ಓಡಾಡಲು ಬಿಟ್ಟದ್ದು ಅವನ ದೊಡ್ಡತನ. ಅವನು ಕ್ರೈಸ್ತನಾಗಲಿಲ್ಲ. ಆಗದೆಯೇ ಆಶ್ರಯ ಕೊಟ್ಟನು. ಮಳೆಯ ಕಥೆಯನ್ನು ಹೇಳಲೇಬೇಕೆಂಬ ಹಟವಿರುವವರು ಈ ಅರಸನ ಹೆಸರನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸಲಿ.

ಪವಾಡಪ್ರಿಯರಿಗೆ ಇನ್ನೊಂದು ಸುದ್ದಿ. ಸಂತಪದವಿಗೆ ಪವಾಡಗಳ ಲೆಕ್ಕ ಕೇಳುವುದು ರೋಮಿನ ಪದ್ಧತಿ. ಪುನೀತರೆಂದು ಸಾರಿದ ಮೇಲೆ ಇನ್ನೊಂದು ಪವಾಡ ಸಿದ್ಧಪಡಬೇಕು. ವಾಜರ ವಿಷಯದಲ್ಲಿ ಫ್ರಾನ್ಸಿಸ್ ಪೋಪರು ೨೦೧೪ರಲ್ಲಿ ಆ ಎರಡನೆಯ ಪವಾಡದ ಷರತ್ತನ್ನೇ ಬಿಟ್ಟುಕೊಟ್ಟರು. ಬದುಕೇ ಸಾಕೆಂದು ರೋಮೇ ಒಪ್ಪಿಕೊಂಡಿರುವಾಗ, ಪವಾಡವಿಲ್ಲದೆ ಪಾಠ ನಡೆಯದೆನ್ನುವ ನಾವು ಪೋಪರಿಗಿಂತ ದೊಡ್ಡ ಕಥೋಲಿಕರೆ?

ಬದುಕೇ ಸಾಕೆಂಬುದಕ್ಕೆ ೧೬೯೭ನೆಯ ಇಸವಿಯೊಂದನ್ನು ತೆಗೆದುಕೊಳ್ಳಿ. ಆ ವರ್ಷ ಕ್ಯಾಂಡಿಗೆ ಸಿಡುಬು ಬಿತ್ತು. ದೇವಿ ಹಾಕುವ ಪದ್ಧತಿ ಬರುವುದಕ್ಕೆ ಇನ್ನೂ ನೂರು ವರ್ಷವಿತ್ತು. ಉಳ್ಳವರು ಊರು ಬಿಟ್ಟರು. ರೋಗಿಗಳನ್ನು ಕಾಡಿಗೆ ಸಾಗಿಸಿ ಬಿಡುವುದು ಆ ಕಾಲದ ರೂಢಿ. ನಮ್ಮ ಹಳ್ಳಿಗಳಲ್ಲಿಯೂ ಸಿಡುಬು ಬಂದ ಮನೆಯ ಕಡೆ ಜನ ತಲೆಹಾಕುತ್ತಿರಲಿಲ್ಲವೆಂಬುದನ್ನು ಅಜ್ಜಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಎಷ್ಟೋ ಮಂದಿ. ವಾಜರೂ ಅವರ ಸೋದರಳಿಯ ಪಾದ್ರಿ ಜೋಸೆಫ್ ಕಾರ್ವಾಲ್ಯೊ ಅವರೂ ಊರಲ್ಲಿಯೇ ನಿಂತರು. ಬರಿದಾದ ಮನೆಗಳನ್ನು ರೋಗಿಗಳಿಗೆ ತಂಗುದಾಣ ಮಾಡಿದರು. ಹುಣ್ಣು ತೊಳೆದರು, ಅನ್ನ ಬೇಯಿಸಿ ಉಣ್ಣಿಸಿದರು, ಸತ್ತವರನ್ನು ಹೂಳಿದರು. ಕ್ರೈಸ್ತರಿಗೆಂದೇ ಬೇರೆ ಸಾಲು ಮಾಡಲಿಲ್ಲ. ಈ ಕೆಲಸ ಒಂದು ದಿನದ್ದಲ್ಲ, ತಿಂಗಳುಗಟ್ಟಲೆಯದು. ಮಳೆ ಒಂದು ಗಳಿಗೆ ಸುರಿದು ನಿಂತಿತು. ಈ ಕೈಗಳು ತಿಂಗಳುಗಟ್ಟಲೆ ನಿಲ್ಲಲಿಲ್ಲ. ಪಟ ಬರೆಯುವವರು ಪ್ರಭಾವಳಿಯನ್ನು ಅಳಿಸಿ ಕೈಯಲ್ಲಿ ಗಂಜಿಯ ಪಾತ್ರೆಯೊಂದನ್ನು ಬರೆದರೆ ನಾನು ನನ್ನ ತರಗತಿಯ ಗೋಡೆಗೆ ಅದನ್ನು ಸಂತೋಷದಿಂದ ತೂಗುಹಾಕುತ್ತೇನೆ.

ಇಲ್ಲಿ ಇನ್ನೊಂದು ಕುರುಹಿನ ಮಾತು ಬರುತ್ತದೆ. ಅದನ್ನು ಮುಟ್ಟುವುದಕ್ಕೆ ಭಕ್ತರೂ ಅಂಜುತ್ತಾರೆ, ಟೀಕಾಕಾರರೂ ಅಂಜುತ್ತಾರೆ. ೧೬೭೭ ಆಗಸ್ಟ್ ೫ರಂದು, ಪಾದ್ರಿಯಾದ ಮರುವರ್ಷ, ಸಾಂಕ್ವಾಳದ ಇಗರ್ಜಿಯಲ್ಲಿ ವಾಜರು ಒಂದು ಪತ್ರ ಬರೆದು ಕೊಟ್ಟರು: ತಾನು ದೇವಮಾತೆಯ ಶಾಶ್ವತ ಗುಲಾಮನೆಂದು. ನಮಗೆ ದಾಸನೆಂಬ ಮಾತು ಹೊಸದಲ್ಲ. ಪುರಂದರದಾಸ, ಕನಕದಾಸ ಎಂದು ಹೇಳುವಾಗ ಆ ಶಬ್ದದಲ್ಲಿ ಮಾನವೇ ಕಾಣುತ್ತದೆ, ಅವಮಾನ ಕಾಣುವುದಿಲ್ಲ. ಆದರೆ ಗೋವೆಯ ಅಂದಿನ ಸ್ಥಿತಿ ಬೇರೆ. ಅಲ್ಲಿ ಗುಲಾಮನೆಂದರೆ ಪದದಲ್ಲಿ ಬರುವ ಅಲಂಕಾರವಾಗಿರಲಿಲ್ಲ. ಆಫ್ರಿಕದಿಂದಲೂ ಬೇರೆ ಬೇರೆ ಕಡೆಗಳಿಂದಲೂ ತಂದ ನಿಜವಾದ ಗುಲಾಮರನ್ನು ಪೋರ್ತುಗೀಸರು ಬೀದಿಯಲ್ಲಿ ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಅದಕ್ಕೂ ಪತ್ರಗಳಾಗುತ್ತಿದ್ದವು. ಅಂಥ ಊರಿನಲ್ಲಿ, ವಿದ್ಯಾವಂತನೂ ಬ್ರಾಹ್ಮಣ ಮೂಲದ ಮನೆತನದವನೂ ಆದವನೊಬ್ಬ, ಅತ್ಯಂತ ಕೆಳಗಿನವನ ಹೆಸರನ್ನು ತಾನೇ ತನ್ನ ಮೇಲೆ ಬರೆದುಕೊಂಡನು. ಹತ್ತು ವರ್ಷದ ಬಳಿಕ ಕೂಲಿಯ ವೇಷ ಹಾಕಿದಾಗ ಆ ಬರಹವೇ ಮೈಮೇಲೆ ಬಂತೆನ್ನಬೇಕು. ಬರಿಗಾಲಿನಲ್ಲಿ ನಡೆದದ್ದೂ ಅದರದೇ ಮುಂದುವರಿಕೆ. ಪಾದರಕ್ಷೆಯಿಲ್ಲದ ಕಾಲು ನಮ್ಮ ನಾಡಿನಲ್ಲಿ ಸನ್ಯಾಸಿಯದೂ ಹೌದು, ಹೊರೆಯಾಳಿನದೂ ಹೌದು.

ಹಾಗೆಂದು ನಾನು ವಕಾಲತ್ತು ಮಾಡಹೊರಟಿಲ್ಲ. ಅವರು ಕಟ್ಟಿದ ಓರೆಟರಿ ಬಹುಕಾಲ ಬ್ರಾಹ್ಮಣ ಮೂಲದ ಪಾದ್ರಿಗಳಿಗೆ ಮಾತ್ರ ತೆರೆದಿತ್ತು. ಮತ ಬದಲಿಸಿದರೂ ಜಾತಿ ಬದಲಾಗಲಿಲ್ಲ. ಇನ್ನು ಅವರ ಜೊತೆ ಕಡಲು ದಾಟಿದ, ಆಮಶಂಕೆಯಲ್ಲಿ ಪಕ್ಕದಲ್ಲಿ ಬಿದ್ದ, ಸೆರೆಗೂ ಹಿಂದೆಗೆಯದ ಆ ಜೋವಾವೊ? ಅವನ ಒಂಟಿ ಹೆಸರಷ್ಟೇ ನಮ್ಮ ಕೈಗೆ ಬಂದಿದೆ. ನಾನು ಕಂಡ ಯಾವ ಪಟದಲ್ಲಿಯೂ ಅವನಿಲ್ಲ. ಗುಲಾಮನೆಂದು ತನ್ನನ್ನು ಕರೆದುಕೊಂಡವರು ಸಂತರಾದರು. ಊಳಿಗದವನಾಗಿಯೇ ಹುಟ್ಟಿದವನು ಚೌಕಟ್ಟಿನ ಹೊರಗೆ ಉಳಿದನು. ಈ ಮಾತನ್ನು ಮಕ್ಕಳಿಂದ ಮುಚ್ಚಿಡತಕ್ಕದ್ದಲ್ಲ. ಸಂತನ ಮೇಲೆ ಗೌರವ ಕಡಿಮೆಯಾದೀತೆಂಬ ಅಂಜಿಕೆ ನನಗಿಲ್ಲ. ಮಕ್ಕಳು ನಮಗಿಂತ ಗಟ್ಟಿಗರು.

ಈಗ ಮೊದಲ ಪಕ್ಷದವರಿಗೆ ಉತ್ತರ. ಮಿಶನರಿಯೆಂದರೆ ಪರದೇಶದ ರಾಜ್ಯದ ಕೈಯೆಂದು ಅವರು ಹೇಳುತ್ತಾರೆ. ಈ ಮಾತಿಗೆ ಚರಿತ್ರೆಯಲ್ಲಿ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ವಾಜರು ಹುಟ್ಟಿದ ಗೋವೆಯಲ್ಲಿಯೇ ‘ಇನ್‌ಕ್ವಿಸಿಷನ್’ ಎಂಬ ಮತವಿಚಾರಣೆಯ ನ್ಯಾಯಾಲಯ ೧೫೬೦ರಲ್ಲಿ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷ ನಿಂತು, ಕೊನೆಗೆ ರದ್ದಾದದ್ದು ೧೮೧೨ರಲ್ಲಿ. ಅದರ ನೆರಳಿನಲ್ಲಿ ಜನ ಊರು ಬಿಟ್ಟು ದಕ್ಷಿಣಕ್ಕೆ ಬಂದರು. ಹಿಂದುಗಳೂ ಬಂದರು, ಕ್ರೈಸ್ತರೂ ಬಂದರು. ನಮ್ಮ ಕೊಂಕಣಿಗರ ಮನೆತನಗಳಲ್ಲಿ ಎಷ್ಟೋ ಹಾಗೆ ಬಂದವುಗಳೇ. ಇದನ್ನೆಲ್ಲ ಹೇಳಿರಿ, ಬಿಡಬೇಡಿ. ಆದರೆ ವಾಜರನ್ನು ಆ ಲೆಕ್ಕದ ಪುಟದಲ್ಲಿ ಎಲ್ಲಿ ಬರೆಯುತ್ತೀರಿ? ಅವರು ಹೋದ ದ್ವೀಪದಲ್ಲಿ ಪೋರ್ತುಗೀಸರ ಬಾವುಟ ಇಳಿದು ಮೂವತ್ತು ವರ್ಷವಾಗಿತ್ತು. ಅವರ ಹಿಂದೆ ಹಡಗಿರಲಿಲ್ಲ, ಕೋಟೆಯಿರಲಿಲ್ಲ, ಖಜಾನೆಯಿರಲಿಲ್ಲ. ನಮ್ಮ ಕೆನರಾದಲ್ಲಿ ದುಡಿದಾಗಲೂ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಅಲ್ಲಿ ಅವರಿಗೆ ಎದುರಾದ ದೊಡ್ಡ ತೊಡಕು ತಮ್ಮವರಿಂದಲೇ. ಗೋವೆಯ ಪಕ್ಷ ಒಂದು, ರೋಮಿನಿಂದ ನೇರವಾಗಿ ನಿಯುಕ್ತರಾದ ಬಿಷಪ್ ತೋಮಸ್ ದ ಕಾಸ್ತ್ರೊ ಅವರ ಪಕ್ಷ ಇನ್ನೊಂದು. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಇಬ್ಭಾಗವಾಗಿದ್ದರು. ಗೋವೆಯ ಪರವಾಗಿ ಬಂದ ವಾಜರು ಜಗಳಕ್ಕೆ ಸೌದೆ ಒಟ್ಟುವುದರ ಬದಲು ಜನರ ನಡುವೆ ಓಡಾಡಿ ಸಮಾಧಾನದ ದಾರಿ ಹುಡುಕಿದರು. ನಮ್ಮ ಸಂಘಗಳ ಒಳಜಗಳಗಳನ್ನು ಕಂಡವರಿಗೆ ಈ ಕೆಲಸದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭಾಷೆ. ನನ್ನ ಬರಹದ ಹುರುಳು ಇಲ್ಲಿದೆ. ೧೬೮೪ ಜೂನ್ ತಿಂಗಳಲ್ಲಿ, ವಾಜರು ಕೆನರಾದ ಕೆಲಸ ಮುಗಿಸುವ ವರ್ಷ, ಗೋವೆಯ ವೈಸರಾಯ್ ಆಲ್ವೋರಿನ ಕೌಂಟ್ ಫ್ರಾನ್ಸಿಸ್ಕೊ ದ ತಾವೊರನು ಒಂದು ಆಜ್ಞೆ ಹೊರಡಿಸಿದನು. ಜನರು ತಮ್ಮ ತಾಯ್ನುಡಿಯನ್ನು ಬಿಟ್ಟು ಮೂರು ವರ್ಷಗಳೊಳಗೆ ಪೋರ್ತುಗೀಸ್ ಆಡತಕ್ಕದ್ದು, ತಪ್ಪಿದವರಿಗೆ ಶಿಕ್ಷೆ. ಅದೇ ಗೋವೆಯಲ್ಲಿ ೧೬೧೬ರಲ್ಲಿ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸರು ಮರಾಠಿಯಲ್ಲಿ ಕ್ರಿಸ್ತಪುರಾಣವನ್ನು ಅಚ್ಚುಹಾಕಿಸಿದ್ದರೆಂಬುದನ್ನು ನೆನೆದರೆ, ಎಪ್ಪತ್ತು ವರ್ಷಗಳಲ್ಲಿ ಬುದ್ಧಿ ಎಷ್ಟು ಹಿಂದಕ್ಕೆ ಹೋಗಿತ್ತೆಂಬುದು ತಿಳಿಯುತ್ತದೆ. ಆಜ್ಞೆಯ ಗಡುವು ತೀರಬೇಕಾದದ್ದು ೧೬೮೭ರಲ್ಲಿ. ಆ ವರ್ಷವೇ ವಾಜರು ಜಾಫ್ನಾದ ದಡ ಮುಟ್ಟಿ ತಮಿಳಿನಲ್ಲಿ ಬೋಧಿಸತೊಡಗಿದರು. ಮುಂದೆ ಕ್ಯಾಂಡಿಯ ಸೆರೆಯಲ್ಲಿ ಸಿಂಹಳ ಭಾಷೆಯನ್ನು ಕಲಿತರು. ಜನರು ನನ್ನ ಮಾತು ಕಲಿಯಲೆಂದು ವೈಸರಾಯ್ ಹೇಳಿದನು. ನಾನು ಜನರ ಮಾತು ಕಲಿಯುತ್ತೇನೆಂದು ಈ ಪಾದ್ರಿ ಹೊರಟರು. ೧೭೦೫ರಲ್ಲಿ ಅವರ ಜೊತೆಗೂಡಿದ ಗೋವೆಯ ಪಾದ್ರಿ ಜಾಕೊಮೆ ಗೊನ್ಸಾಲ್ವಿಸರು ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ಎಷ್ಟೋ ಗ್ರಂಥಗಳನ್ನು ಬರೆದು ಸಿಂಹಳ ಕಥೋಲಿಕ ಸಾಹಿತ್ಯದ ಪಿತಾಮಹರೆನಿಸಿದರು. ವೈಸರಾಯನ ಆಜ್ಞೆ ಏನಾಯಿತು? ಕೊಂಕಣಿ ಸಾಯಲಿಲ್ಲ. ಗಡಿ ದಾಟಿ ಬಂದ ಕೊಂಕಣಿ ಮಂಗಳೂರಿನಲ್ಲಿ ಕನ್ನಡ ಲಿಪಿಯನ್ನೇ ಉಟ್ಟಿತು. ೧೯೧೨ರ ‘ಕೊಂಕಣಿ ದಿರ್ವೆಂ’, ೧೯೩೮ರ ‘ರಾಕ್ಣೊ’ ಪತ್ರಿಕೆಗಳು ಮೂಡಿದ್ದು ನಮ್ಮ ಅಕ್ಷರಗಳಲ್ಲಿ. ವಾಜರ ಹೆಸರನ್ನು ಈ ಸೀಮೆಯ ಅಜ್ಜಿಯರು ಪ್ರಾರ್ಥನೆಯ ಪುಸ್ತಕದಲ್ಲಿ ಓದುವುದು ಕನ್ನಡ ಅಕ್ಷರದಲ್ಲಿ. ಇಷ್ಟರ ಮೇಲೂ ಕನ್ನಡ ಪತ್ರಿಕೆಗೂ ಅವರಿಗೂ ಏನು ಸಂಬಂಧವೆಂದು ಕೇಳಬೇಕೆ?

೨೦೧೭ರಲ್ಲಿ ಕೇರಳ ಸರಕಾರವು ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸಲು ಹೊರಟಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಸರಿಯಾಗಿಯೇ ಇಳಿದರು, ಆಜ್ಞೆಯಿಂದ ನಾಲಗೆ ತಿರುಗದೆಂಬುದು ನಮ್ಮ ವಾದವಾಗಿತ್ತು. ೧೯೫೬ರ ನವೆಂಬರಿನಿಂದ ನಾವು ಹೇಳುತ್ತ ಬಂದದ್ದೂ ಅದನ್ನೇ. ಆದರೆ ಅದೇ ನಾವು ಕೊಂಕಣಿಯ ಮಗುವಿಗೆ ಏನು ಹೇಳುತ್ತೇವೆ? ಕನ್ನಡ ಓದು, ನಿನ್ನ ಸಂತನನ್ನು ಹೊಸ್ತಿಲಾಚೆ ಬಿಟ್ಟು ಬಾ. ಬ್ಯಾರಿ ಮಗುವಿಗೂ, ಮನೆಯಲ್ಲಿ ಮರಾಠಿಯಾಡುವ ಮಗುವಿಗೂ ಇದೇ ಮಾತು. ಆ ಮಗುವಿನ ತಂದೆ ಒಂದು ದಿನ ಬಂದು, ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ, ವರ್ಗಾವಣೆ ಪತ್ರ ಕೊಡಿ ಎಂದು ನಿಂತಾಗ ಅವನಿಗೆ ಭಾಷಾಭಿಮಾನವಿಲ್ಲವೆಂದು ದೂರುತ್ತೇವೆ. ಅವನ ಮನೆಯ ಗೋಡೆಯ ಮೇಲಿನ ಪಟವನ್ನು ಹತ್ತು ವರ್ಷದಲ್ಲಿ ಒಮ್ಮೆಯೂ ಓದಿ ನೋಡದ ಕನ್ನಡದ ಮೇಲೆ ಅವನಿಗೆ ಅಭಿಮಾನ ಎಲ್ಲಿಂದ ಬರಬೇಕು?

ಕೊನೆಯದಾಗಿ ಒಂದು ಆಕ್ಷೇಪಣೆಯುಂಟು. ಗೋವೆಯ ಸಂತರೆಂದರೆ ಫ್ರಾನ್ಸಿಸ್ ಕ್ಸೇವಿಯರ್ ಇದ್ದಾರೆ, ಜಗತ್ಪ್ರಸಿದ್ಧರು. ಅವರನ್ನು ಬಿಟ್ಟು ಈ ಹೆಚ್ಚು ಹೆಸರಿಲ್ಲದವರೇಕೆಂದು. ಕ್ಸೇವಿಯರರು ೧೫೫೨ರಲ್ಲಿ ಚೀನದ ದಡದ ಬಳಿಯ ದ್ವೀಪದಲ್ಲಿ ತೀರಿಕೊಂಡರು. ಅವರ ದೇಹವನ್ನು ೧೫೫೪ರಲ್ಲಿ ಗೋವೆಗೆ ತಂದರು. ಹತ್ತು ವರ್ಷಕ್ಕೊಮ್ಮೆ ನಡೆಯುವ ಅದರ ದರ್ಶನಕ್ಕೆ ಲಕ್ಷಾಂತರ ಜನ ಸೇರುತ್ತಾರೆ; ೨೦೨೪ ನವೆಂಬರಿನಿಂದ ೨೦೨೫ ಜನವರಿಯವರೆಗೂ ಸೇರಿದರು. ಬಲಗೈಯ ಒಂದು ಭಾಗ ೧೬೧೪ರಿಂದ ರೋಮಿನಲ್ಲಿದೆ. ಅಲ್ಲಿ ದೇಹವೇ ಕುರುಹು, ಅದರ ಸುತ್ತ ಬೆಳ್ಳಿಯ ಪೆಟ್ಟಿಗೆ. ವಾಜರದು ಹಾಗಲ್ಲ. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಇಗರ್ಜಿ ಅಳಿದುಹೋಯಿತು. ಸಮಾಧಿ ಎಲ್ಲಿತ್ತೆಂಬುದು ಇಂದಿಗೂ ಪತ್ತೆಯಾಗಿಲ್ಲ. ಸಂತಪದವಿಗೇರಿಸಿದವರಿಗೂ ತೋರಿಸಲು ಒಂದು ಎಲುಬಿರಲಿಲ್ಲ. ಗಾಜಿನ ಪೆಟ್ಟಿಗೆಗೆ ಸಿಕ್ಕದ ಸಂತ ಇವರು. ಇವರ ಪಾಲಿಗೆ ಉಳಿದಿರುವುದು ನಡೆದ ದಾರಿ: ಸಾಂಕ್ವಾಳ, ಕೆನರಾದ ಕರಾವಳಿ, ತೂತುಕುಡಿ, ಜಾಫ್ನಾ, ಪುತ್ತಲಂ, ಕ್ಯಾಂಡಿ. ಭೂಪಟದಲ್ಲಿ ಬೆರಳಿಟ್ಟು ತೋರಿಸಬಹುದಾದ ದಾರಿ. ಪ್ರತಿ ಶಾಲೆಯ ಕಪಾಟಿನಲ್ಲಿಯೂ ಆ ಭೂಪಟವಿದೆ.

ಬರುವ ಜನವರಿ ೧೬ಕ್ಕೆ ಅವರ ಹಬ್ಬ. ಅದರ ಹಿಂದಿನ ವಾರ, ಒಂದು ಗಂಟೆಯ ಪಾಠವನ್ನು ಈ ದಾರಿಗೆ ಕೊಡಲು ಒಪ್ಪುವ ಉಪಾಧ್ಯಾಯರು ಸಂಘದ ಕಾರ್ಯದರ್ಶಿಗಳಿಗೆ ಒಂದು ಕಾರ್ಡು ಬರೆಯಲಿ. ಪಾಠದ ಟಿಪ್ಪಣಿಯನ್ನು ನಾನು ಬರೆದು ಕೊಡುತ್ತೇನೆ. ಒಪ್ಪದವರು ಈ ಪತ್ರಿಕೆಯಲ್ಲಿಯೇ ನನಗೆ ಉತ್ತರ ಬರೆಯಲಿ. ಅವರ ಲೇಖನವನ್ನು ಮುಂದಿನ ಸಂಚಿಕೆಯಲ್ಲಿ ನನ್ನದರ ಪಕ್ಕದಲ್ಲಿಯೇ ಹಾಕಬೇಕೆಂದು ಸಂಪಾದಕರನ್ನು ಈಗಾಗಲೇ ಬೇಡಿಕೊಂಡಿದ್ದೇನೆ.